ಸಫಾರಿ ಕ್ಯಾಂಪೂ ನನ್ನ ಹೆಂಡತಿಯ ಬಳೆಗಳೂ

ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕಾಡು ನೋಡುವ ರಜೆಗೆಂದು ನಾನೇ ಮುಂದಾಗಿ ಒಂದು ಕ್ಯಾಂಪು ಆರಿಸಿದೆ. ಆರಿಸಿದ್ದು ತಪ್ಪೆಂದು ಹೊರಡುವ ಮೊದಲೇ ನನಗೆ ಗೊತ್ತಾಯಿತು, ಆದರೂ ಬಾಯಿ ಬಿಡಲಿಲ್ಲ. ಅಲ್ಲಿಗೆ ಹೋದ ಮೇಲೆ ಯಾವ ಪ್ರಾಣಿಯೂ ಕಾಣದಿದ್ದಾಗ, ಜೊತೆಗಿದ್ದವರ ಮುಂದೆ ಆ ತಪ್ಪನ್ನು ನನ್ನ ಹೆಂಡತಿಯ ಕೈಬಳೆಗಳ ಮೇಲೆ ಹಾಕಿದೆ. ಇಷ್ಟೇ ಸಂಗತಿ. ಕೇಳಿದವರಿಗೆ ಸಣ್ಣದೆನಿಸಬಹುದು. ನನಗೆ ಹಾಗನಿಸಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾವು ವಿಜಯಪುರ ಕಡೆಯಿಂದ ಗೋವಾಕ್ಕೆ ಬಂದು ನಾಲ್ಕೈದು ವರ್ಷವಾಗಿತ್ತು. ಫೋಂಡಾದಲ್ಲಿ ಒಂದು ಬಾಡಿಗೆ ಖೋಲಿ. ನಾನು ಹೈಸ್ಕೂಲು ಮುಗಿಸಿದವನು, ಹಾಗಾಗಿ ಮಡ್ಕಯಿಯ ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಯಲ್ಲಿ ಸ್ಟೋರಿನ ಕೆಲಸ ಸಿಕ್ಕಿತ್ತು. ಹೆಂಡತಿ ಬಂದ ಹೊಸದರಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಉಸುಕು ಹೊತ್ತಳು, ಆಮೇಲೆ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯಲು ಕೂತಳು. ಗೇರೆಣ್ಣೆಗೆ ಅವಳ ಬೆರಳ ತುದಿಗಳು ಕಪ್ಪಾಗಿದ್ದವು. ಮುಂಗೈ ಮೇಲೆ ಮಾತ್ರ ಯಾವಾಗಲೂ ಹಸಿರು ಗಾಜಿನ ಬಳೆ, ಒಂದೊಂದು ಕೈಗೆ ಹನ್ನೆರಡು. ಒಂದು ಒಡೆದರೆ ಸಂತೆಯ ದಿನವೇ ಇನ್ನೊಂದು ಏರಿಸಿಕೊಳ್ಳುತ್ತಿದ್ದಳು.

ಪಕ್ಕದ ಖೋಲಿಯಲ್ಲಿ ನಮ್ಮ ಕಾರ್ಖಾನೆಯ ಫಿಟ್ಟರ್ ಒಬ್ಬನಿದ್ದ. ಬೆಳಗಾವಿ ಕಡೆಯವನು, ಮಾತಿನಲ್ಲಿ ಚೂಪು. ನಾನು ಅರ್ಜಿಗಿರ್ಜಿ ಬರೆದುಕೊಡುತ್ತಿದ್ದುದಕ್ಕೆ ನನ್ನನ್ನು ‘ಮಾಸ್ತರ’ ಎಂದು ಕರೆಯುತ್ತಿದ್ದ. ಅವನ ಹೆಂಡತಿ ಗೇರು ಕಾರ್ಖಾನೆಯಲ್ಲಿ ನನ್ನವಳ ಮಗ್ಗುಲಿಗೇ ಕೂಡುತ್ತಿದ್ದಳು. ಎರಡು ಮನೆಗೂ ಒಂದೇ ನೀರಿನ ನಳ, ಒಂದೇ ಬೀಸುಕಲ್ಲು.

ಆ ವರ್ಷ ಏಪ್ರಿಲ್ ಕೊನೆಗೆ ಮಶೀನು ರಿಪೇರಿಗೆಂದು ನಮ್ಮ ಕಾರ್ಖಾನೆ ಎಂಟು ದಿನ ಬಂದ್ ಎಂದು ಹೇಳಿದರು. ಸಂಜೆ ಕಟ್ಟೆಯ ಮೇಲೆ ಕೂತು ಎಲ್ಲಿಗೆ ಹೋಗೋಣವೆಂದು ಮಾತಾಡುತ್ತಿದ್ದೆವು. ಫಿಟ್ಟರ್ ಸವದತ್ತಿ ಅಂದ, ಅವನ ಹೆಂಡತಿ ತವರು ಅಂದಳು. ನನ್ನವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು.

“ನಾ ಒಂದ್ ಕೇಳಲೇನ್ರಿ? ಕಾಡಕ್ವಾಣ ನೋಡಬೇಕು.”

ಲಗ್ನವಾದಾಗಿನಿಂದ ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ಅವಳ ಅಪ್ಪ ಎಮ್ಮೆ ಸಾಕುತ್ತಿದ್ದರು, ಎಮ್ಮೆ ಹೊಡೆದುಕೊಂಡು ಖಾನಾಪುರದವರೆಗೂ ನಡೆದು ಹೋಗಿ ಮಾರಿ ಬರುತ್ತಿದ್ದರು. ಒಮ್ಮೆ ಆ ದಾರಿಯಲ್ಲಿ ಕಾಡಿನ ಅಂಚಿಗೆ ಕಾಡುಕೋಣ ಕಂಡಿದ್ದರಂತೆ. ಮೊಣಕಾಲಿನ ತನಕ ಸುಣ್ಣದಲ್ಲಿ ನಿಂತು ಎದ್ದು ಬಂದ ಹಾಗೆ ನಾಲ್ಕೂ ಕಾಲು ಬೆಳ್ಳಗಿದ್ದವು, ನಮ್ಮ ಎಮ್ಮೆಯನ್ನೇ ದೇವರು ತಿದ್ದಿ ಇನ್ನೊಮ್ಮೆ ಮಾಡಿದ ಹಾಗಿತ್ತು ಎಂದು ಮಗಳಿಗೆ ಹೇಳಿದ್ದರು. ನೂರು ಸಲ ಹೇಳಿದ್ದರು. ಹಿಂದಿನ ವರ್ಷ ಅವರು ತೀರಿಕೊಂಡಿದ್ದರು. ಅಪ್ಪ ಕಂಡದ್ದನ್ನು ತಾನೂ ಒಮ್ಮೆ ಕಾಣಬೇಕು ಎಂಬುದು ಅವಳ ಆಸೆ. ಅವಳು ಹೀಗೆ ಬಿಡಿಸಿ ಹೇಳಲಿಲ್ಲ, ಆದರೆ ನಮ್ಮೆಲ್ಲರಿಗೂ ತಿಳಿಯಿತು. ಫಿಟ್ಟರ್ ಕೂಡ ಆ ಹೊತ್ತು ಚೇಷ್ಟೆ ಮಾಡಲಿಲ್ಲ.

“ಆತ್ ಬಿಡ್ರಿ ವೈನಿ, ಈ ಸಲ ಅಡವಿ,” ಅಂದ. “ಮಾಸ್ತರ, ನೀ ಹೋಗಿ ಜಾಗಾ ನೋಡಿ ಬಾ. ಓದಿದಾಂವ ನೀನ.”

ವಾಳಪೈ ಆಚೆ ಕಾಡಿನ ಬದಿಗೆ ಇಳಿದುಕೊಳ್ಳುವ ಜಾಗ ಎರಡಿವೆ ಎಂದು ಕೇಳಿದ್ದೆ. ಒಂದಕ್ಕೆ ‘ಸಫಾರಿ ಕ್ಯಾಂಪ್’ ಎಂದು ಬೋರ್ಡೇ ಇದೆಯಂತೆ. ನಮಗೆ ಸಫಾರಿ ಎಂದರೆ ಹೊಲಿಸಿಕೊಳ್ಳುವ ಬಟ್ಟೆ. ಮೈದುನನ ಲಗ್ನಕ್ಕೆ ಹೊಲಿಸಿದ ಕಂದು ಬಣ್ಣದ ಸಫಾರಿ ನನ್ನ ಹತ್ತಿರ ಒಂದಿತ್ತು. ಆ ಭಾನುವಾರ ಅದನ್ನೇ ಹಾಕಿಕೊಂಡು ಹೊರಟೆ. ತಪ್ಪು ಅಲ್ಲಿಂದಲೇ ಶುರುವಾಯಿತೇನೋ.

ಮೊದಲು ಸಿಕ್ಕದ್ದು ಬೋರ್ಡಿಲ್ಲದ ಜಾಗ. ನೌಕರಿ ಮುಗಿಸಿದ ಒಬ್ಬ ಫಾರೆಸ್ಟ್ ಗಾರ್ಡು ತನ್ನ ಗೇರುತೋಟದ ಅಂಚಿಗೆ ಹುಲ್ಲು ಹೊದಿಸಿದ ಎರಡು ಗುಡಿಸಲು ಹಾಕಿದ್ದ. ಲೈಟಿಲ್ಲ, ಮಂಚವಿಲ್ಲ. ಊಟಕ್ಕೆ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ಗಡಿಯ ಆಚೆಯ ಕನ್ನಡದ ಹೆಣ್ಣನ್ನು ಮದುವೆಯಾಗಿದ್ದರಿಂದ ಮುದುಕ ತಡವರಿಸಿಕೊಂಡು ಕನ್ನಡ ಆಡುತ್ತಿದ್ದ.

“ಕಾಡುಕೋಣ ಕಾಣತಾವೇನು?” ಅಂತ ಕೇಳಿದೆ.

“ಕಂಡರ ಕಂಡೀತು.”

“ಅಂದ್ರ?”

“ಅದಕ್ಕೇನ್ ನಾ ಪಗಾರ ಕೊಡ್ತೇನು, ಹೇಳಿದ ಹೊತ್ತಿಗೆ ಬರಾಕ?” ಅಂದ. ನನ್ನ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ, “ಇವತ್ತು ಸಂಜೀ ತನಕಾ ಮರದ ಅಟ್ಟದ ಮ್ಯಾಲೆ ಕುಂತು ಹೋಗ್ರಿ. ಇಲ್ಲಿ ಬರೋರು ಯಾರೇ ಇರಲಿ, ಒಂದು ಸಂಜೀ ಕುಂತು ನೋಡಿ ಆಮ್ಯಾಲೆ ಆರಿಸಬೇಕು. ನನ್ನ ಪದ್ಧತಿ ಅದು,” ಅಂದ.

ಅಟ್ಟಕ್ಕೆ ಏಣಿಯೂ ಇರಲಿಲ್ಲ, ಬುಡಕ್ಕೆ ಮೆಟ್ಟಿಲು ಕೊರೆದಿದ್ದ. ಕೆಂಪಿರುವೆ ಹರಿದಾಡುತ್ತಿದ್ದವು. ಸಫಾರಿ ಹಾಳಾದೀತೆಂದು ನಾನು ಹತ್ತಲಿಲ್ಲ. ಬಸ್ಸಿನ ನೆವ ಹೇಳಿ ಎದ್ದು ಬಂದೆ.

ಎರಡನೆಯದು ಬೋರ್ಡಿದ್ದ ಕ್ಯಾಂಪು. ಗೇಟಿನಲ್ಲೇ ಮಾಲೀಕ ಬಂದು “ಬರ್ರಿ ಸಾಹೇಬ್ರ” ಅಂದ. ನನಗೆ ಅಲ್ಲಿಯ ತನಕ ಯಾರೂ ಸಾಹೇಬ ಅಂದಿರಲಿಲ್ಲ. ಸಿಮೆಂಟಿನ ಖೋಲಿಗಳು, ಸೊಳ್ಳೆಪರದೆ ಹಾಕಿದ ಮಂಚ, ಜೋಕಾಲಿ, ಗೋಡೆಯ ಮೇಲೆ ಬಣ್ಣದ ಕಾಡುಕೋಣ, ಸುತ್ತಾಡಿಸಲು ಒಂದು ಹಳೆಯ ಜೀಪು. ಕೋಳಿಸಾರು, ಬಿಸಿ ಅನ್ನ ಹಾಕಿದ. ಉಂಡ ಮೇಲೆ ಹಿಂದಿನ ಕೆರೆಗೆ ಕರೆದುಕೊಂಡು ಹೋಗಿ ಕೆಸರನ್ನು ತೋರಿಸಿದ. ಕೆಸರಿನ ತುಂಬ ಅಗಲವಾದ ಗೊರಸಿನ ಗುರುತು, ದಂಡೆಯ ಮೇಲೆ ಅಲ್ಲಲ್ಲಿ ಸೆಗಣಿ.

“ದಿನಾ ಬರ್ತಾವು ಸಾಹೇಬ್ರ. ನೀವ ನೋಡ್ರಿ.”

ನಾನು ರೈತರ ಮನೆಯಲ್ಲಿ ಹುಟ್ಟಿದವನು. ದನದ ಗೊರಸು ನನಗೆ ಗೊತ್ತಿಲ್ಲದ್ದೇ ಎಂಬ ಗರ್ವ. ಬಗ್ಗದೆ, ನಿಂತಲ್ಲಿಂದಲೇ ಅಳತೆ ಮಾಡಿ ತಲೆ ಆಡಿಸಿದೆ. ಇಷ್ಟು ಅಗಲದ ಗೊರಸು ಆಕಳದ್ದಲ್ಲ, ಎತ್ತಿನದಲ್ಲ, ಹಾಗಾದರೆ ಕಾಡುಕೋಣದ್ದೇ ಎಂದು ತೀರ್ಮಾನಿಸಿದೆ. ಈ ಕಾಡಿನೊಳಗೆ ಎಮ್ಮೆ ಬಂದೀತು ಎಂದು ತಲೆಗೆ ಹೊಳೆಯಲೇ ಇಲ್ಲ. ಬಯಲುಸೀಮೆಯವನ ಲೆಕ್ಕದಲ್ಲಿ ಎಮ್ಮೆ ಎಂದರೆ ಊರು, ಅಡವಿ ಎಂದರೆ ಅಡವಿ. ನಾಲ್ಕು ಜನ ಬರುತ್ತೇವೆ ಎಂದು ಅಲ್ಲೇ ಮಾತು ಕೊಟ್ಟುಬಿಟ್ಟೆ.

ಗೇಟಿನ ಹೊರಗೆ ಬಸ್ಸು ಹತ್ತಿ ಕಿಟಕಿಗೆ ಕೂತೆ. ಬಸ್ಸು ತಿರುವಿನಲ್ಲಿ ನಿಂತಿತು. ರಸ್ತೆಗೆ ಅಡ್ಡಲಾಗಿ ಎಮ್ಮೆ ಹಿಂಡು ದಾಟುತ್ತಿತ್ತು. ಹದಿನೈದು ಇಪ್ಪತ್ತು ಇದ್ದಾವು. ಹಿಂದೆ ಕೋಲು ಹಿಡಿದ ಒಬ್ಬ ಗೌಳಿ ಹೆಂಗಸು. ಎಮ್ಮೆಗಳು ಯಾರೂ ಹೊಡೆಯದೆ ತಾವೇ ಆ ಕ್ಯಾಂಪಿನ ಹಿಂದಿನ ಕಾಲುದಾರಿಗೆ ಇಳಿದವು. ರೂಢಿಯ ದಾರಿ.

ಬಸ್ಸಿನಲ್ಲೇ ನನಗೆ ಎಲ್ಲಾ ತಿಳಿಯಿತು. ಇಳಿದು ಮುದುಕನ ಹತ್ತಿರ ಹೋಗಬಹುದಿತ್ತು. ಮನೆಗೆ ಹೋಗಿ ‘ನಾ ಮೋಸ ಹೋದೆ’ ಅನ್ನಬಹುದಿತ್ತು, ಹೊರಡಲು ಇನ್ನೂ ನಾಲ್ಕು ದಿನವಿತ್ತು. ಆದರೆ ಮನೆ ಮುಟ್ಟುವಷ್ಟರಲ್ಲಿ ಕಟ್ಟೆಯ ಮೇಲೆ ಮೂವರೂ ಕಾದು ಕೂತಿದ್ದರು. “ಏನಾತು ಮಾಸ್ತರ?” ಅಂದ ಫಿಟ್ಟರ್. ಹೆಂಡತಿ ನನ್ನ ಮುಖ ನೋಡುತ್ತಿದ್ದಳು.

“ಚಲೋ ಜಾಗಾ ಐತಿ,” ಅಂದೆ. “ಗೊರಸಿನ ಗುರುತು ನಾನ ನೋಡೇನಿ. ಇನ್ನೊಂದು ಐತಿ, ಹೋಗಬಾರದು, ಗಂಜಿ ಕುಡಿಸಿ ಇರುವಿ ಕಡಿಯಾಕ ಹಚ್ತಾನ ಮುದುಕ.” ಎಲ್ಲರೂ ನಕ್ಕರು. ಒಂದು ಸಲ ಹಾಗೆ ನಗಿಸಿದ ಮೇಲೆ ಹಿಂದೆ ಬರಲು ನನಗೆ ದಾರಿಯಿರಲಿಲ್ಲ, ಅಥವಾ ಇಲ್ಲವೆಂದು ನಾನೇ ಅಂದುಕೊಂಡೆ.

ನಮ್ಮ ಹನ್ನೆರಡು ವರ್ಷದ ಮಗಳನ್ನು ಪಕ್ಕದ ಖೋಲಿಯಲ್ಲೇ ಇದ್ದ ಫಿಟ್ಟರನ ತಾಯಿಯ ಹತ್ತಿರ ಬಿಟ್ಟು ನಾವು ನಾಲ್ವರೂ ಹೋದೆವು. ಹೆಂಡತಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ಹೋದ ಸಂಜೆಯೇ ಕೆರೆ ದಂಡೆಗೆ ಕೂತೆವು. ಕೂಡುವ ಮೊದಲು ಅವಳು ಒಂದು ಸೆಗಣಿ ಹೆಂಡಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಒಂದು ಕಡ್ಡಿಯಿಂದ ಅದನ್ನು ಬಿಡಿಸಿ ನೋಡಿದಳು. ಕಡ್ಡಿ ಎಸೆದು ಎದ್ದು ಬಂದಳು. ಅಪ್ಪ ಹೇಳಿದ ಪ್ರಾಣಿಯ ಗುರುತು ಸಿಕ್ಕಿತೆಂದು ಸುಮ್ಮನಾಗಿದ್ದಾಳೆ ಎಂದು ನಾನು ತಿಳಿದುಕೊಂಡೆ.

ಕತ್ತಲಾಗುವ ತನಕ ಕೂತರೂ ಒಂದು ಬಕಪಕ್ಷಿ ಬಿಟ್ಟು ಏನೂ ಬರಲಿಲ್ಲ. ಮಂದಿ ಇದ್ದಾಗ ಎಮ್ಮೆ ಆ ಕಡೆ ಇಳಿಯದ ಹಾಗೆ ಮಾಲೀಕ ನೋಡಿಕೊಂಡಿದ್ದನೇನೋ, ಅವೂ ಕಾಣಲಿಲ್ಲ. ಫಿಟ್ಟರ್ ಶುರು ಮಾಡಿದ.

“ಮಾಸ್ತರ, ನಿನ್ನ ಕ್ವಾಣ ರಜಾದ ಮ್ಯಾಲೆ ಹೋಗ್ಯಾವೇನೋ? ಅವರ ಕಾರ್ಖಾನಿನೂ ಬಂದ್ ಇರಬೇಕು.”

“ನಾಳೆ ಬರ್ತಾವು.”

“ಅರ್ಜಿ ಬರದು ಕರಸಬೇಕೇನು? ನೀನ ಬರೀ, ನಿನ್ನ ಅಕ್ಷರ ಚಂದ ಅದಾವು.”

ಅವನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಷ್ಟರಲ್ಲಿ ನನ್ನವಳು ಸೊಳ್ಳೆ ಹೊಡೆಯಲು ಕೈ ಎತ್ತಿದಳು, ಬಳೆ ಸಪ್ಪಳವಾಯಿತು. ನಾನು ತಿರುಗಿ ಹೇಳಿದೆ:

“ಇಕೀ ಬಳೀ ಸಪ್ಪಳಕ್ಕ ಯಾವ ಪ್ರಾಣಿ ಬಂದೀತು? ಹೊತ್ತು ಮುಳುಗೂತನಾ ಜಣಜಣ ಜಣಜಣ.”

ನಾವು ಮೂವರೂ ಅವಳ ಕೈ ನೋಡಿದೆವು. ಅವಳೂ ತನ್ನ ಕೈ ನೋಡಿಕೊಂಡಳು. ಫಿಟ್ಟರನ ಹೆಂಡತಿಯ ಕೈಯಲ್ಲಿಯೂ ಬಳೆಯಿದ್ದವು ಎಂದು ಯಾರಿಗೂ ನೆನಪಾಗಲಿಲ್ಲ.

ಮರುದಿನ ಸಂಜೆ ಕೆರೆಗೆ ಹೊರಡುವ ಮುಂದೆ ಅವಳು ಹಳೆಯ ಸೀರೆಯೊಂದರ ಅಂಚನ್ನು ಪಟ್ಟಿ ಪಟ್ಟಿಯಾಗಿ ಹರಿದಳು. ಬಳೆಗಳನ್ನು ಒಂದಕ್ಕೊಂದು ಹತ್ತಿಸಿ, ಮುಂಗೈಯಿಂದ ಮೊಣಕೈ ಹತ್ತಿರದ ತನಕ ಬಿಗಿಯಾಗಿ ಸುತ್ತಿದಳು. ಬಲಗೈಯ ಗಂಟನ್ನು ಹಲ್ಲಿನಿಂದ ಎಳೆದು ಕಟ್ಟಿದಳು. ಬಳೆ ತೆಗೆದಿಡುವ ಮಾತು ಅವಳ ಬಾಯಿಂದ ಬರಲಿಲ್ಲ, ನನಗೂ ಹೇಳುವ ಧೈರ್ಯವಿರಲಿಲ್ಲ. ಗಂಡ ಎದುರಿಗೆ ನಿಂತಿರುವಾಗ ಮುತ್ತೈದೆ ಬಳೆ ತೆಗೆಯುವುದುಂಟೇ?

ಆಮೇಲೆ ಕೆರೆ ದಂಡೆಗೆ ಬಂದು ನನ್ನ ಪಕ್ಕಕ್ಕೇ ಕೂತಳು. ಸುಮಾರು ಮೂರು ತಾಸು. ಅವಳು ಕೂತದ್ದನ್ನು ಹೇಗೆ ಹೇಳಲಿ? ಫಿಟ್ಟರ್ ಹತ್ತು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುತ್ತಿದ್ದ. ಅವನ ಹೆಂಡತಿ ತೂಕಡಿಸಿದಳು. ನಾನು ಬೀಡಿಗೆಂದು ಎರಡು ಸಲ ಎದ್ದು ಹೋದೆ. ಅವಳು ಅಲುಗಲಿಲ್ಲ. ಒಂದು ಇರುವೆ ಅವಳ ಕುತ್ತಿಗೆಯಿಂದ ಕಿವಿಯ ತನಕ ಹತ್ತಿ ಹೋದುದನ್ನು ನಾನು ನೋಡಿದೆ, ಅವಳು ಕೈ ಎತ್ತಲಿಲ್ಲ. ಕಲ್ಲಿನಲ್ಲಿ ಕಡೆದವರೂ ಅಷ್ಟು ನೆಟ್ಟಗೆ ಕೂಡಿಸಲಾರರು. ನಡುನಡುವೆ ಒಮ್ಮೊಮ್ಮೆ ಮಾತ್ರ ಕತ್ತು ತಿರುಗಿಸಿ ನನ್ನನ್ನು ನೋಡಿ, ಮತ್ತೆ ನೀರಿನ ಕಡೆ ತಿರುಗುತ್ತಿದ್ದಳು. ಆ ನೋಟಕ್ಕೆ ನಾನು ತಲೆ ತಗ್ಗಿಸುತ್ತಿದ್ದೆ. ಏನೂ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಗಂಟು ಕಟ್ಟಿ ಹೊರಟೆವು. ಬಸ್ಸಿನ ದಾರಿಗೆ ನಡೆಯುವಾಗ ಅವಳು ಕೇಳಿದಳು: “ಆ ಗಂಜಿ ಮುದುಕನ ಜಾಗಾ ಎಲ್ಲೈತ್ರಿ?”

“ಇಲ್ಲೇ ಮುಂದ. ಯಾಕ?”

“ಒಂದೀಟು ನೀರು ಕುಡದು ಹೋಗೂಣು.”

ಮುದುಕ ಅಂಗಳದಲ್ಲಿ ಗೇರುಬೀಜ ಹರವುತ್ತಿದ್ದ. ಅವಳ ಕೈಯ ಪಟ್ಟಿ ಹಾಗೇ ಇತ್ತು, ಬಿಚ್ಚೆಂದು ನಾನು ಹೇಳಿರಲಿಲ್ಲ. ನೋಡಿದವನೇ ಗಾಬರಿಯಾಗಿ, ಕೊಂಕಣಿಯವರು ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ಕರೆದು ಕೇಳಿದ.

“ಬಾಯ್, ಏನಾತು ಕೈಗೆ? ಸುಟ್ಟಕೊಂಡ್ಯಾ?”

“ಇಲ್ಲ ಕಾಕಾ. ಬಳಿ ಅದಾವು. ಸಪ್ಪಳಕ್ಕ ಕಾಡಕ್ವಾಣ ಬರೂದಿಲ್ಲಂತ.”

ಮುದುಕ ಜೋರಾಗಿ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ಗುಡ್ಡದ ಇಳಿಜಾರಿನ ಕಡೆ ಕೈ ತೋರಿಸಿದ. ಅಲ್ಲಿ ಹೆಣ್ಣುಮಕ್ಕಳು ಗೇರುಹಣ್ಣು ಆರಿಸುತ್ತಿದ್ದರು, ಗಾಳಿ ಬಂದಾಗ ಅವರ ಬಳೆ ಸಪ್ಪಳ ನಮ್ಮ ತನಕ ಕೇಳುತ್ತಿತ್ತು.

“ಈ ಸಪ್ಪಳಾ ಕೇಳಕೋಂತನ ಕಾಡಕ್ವಾಣದ ಕರಾ ದೊಡ್ಡವು ಆಗ್ಯಾವು ಬಾಯ್. ಬಳೀಗೆ ಅವು ತಲಿ ಎತ್ತೂದಿಲ್ಲ. ಸಪ್ಪಳಿಲ್ಲದ ಅಡಗಿ ಕುಂತೋರಿಗೆ ಅಂಜತಾವು. ಬಂದೂಕಿನಾಂವ ಬಳಿ ತೊಟ್ಟಿರತಾನೇನು?”

ಫಿಟ್ಟರ್ ಎಂದೂ ಸುಮ್ಮನಿರದವನು ಆಗ ತನ್ನ ಚಪ್ಪಲಿಯ ಉಂಗುಷ್ಟ ಸರಿ ಮಾಡಿಕೊಳ್ಳುತ್ತಿದ್ದ. ನನ್ನ ಹೆಂಡತಿ ಅಲ್ಲೇ ಕಟ್ಟೆಯ ಮೇಲೆ ಕೂತು ಪಟ್ಟಿ ಬಿಚ್ಚಿ, ಸುರುಳಿ ಸುತ್ತಿ ಚೀಲದಲ್ಲಿಟ್ಟಳು. ಬಳೆಗಳ ಕೆಳಗೆ ಚರ್ಮ ಬೆವತು ಬೆವತು ಕೆಂಪಗೆ ಬೆವರುಸಾಲೆ ಎದ್ದಿತ್ತು. ಆಮೇಲೆ ಮುದುಕನನ್ನು ಕೇಳಿದಳು.

“ಕಾಕಾ, ನೀರು ಎಲ್ಲೈತಿ?”

“ಗುಡ್ಡದ ಹಿಂದ, ಝರಿ.”

“ಅಲ್ಲಿ ಊರ ದನಾ, ಎಮ್ಮಿ ಬರ್ತಾವೇನು?”

“ಇಲ್ಲ. ಹಾದಿ ಭಾಳ ಕಡಿದು ಐತಿ, ಊರ ದನಾ ಇಳಿಯೂದಿಲ್ಲ.”

“ನೀವು ಕಡೀಕ ಯಾವಾಗ ನೋಡಿದ್ರಿ?”

ಮುದುಕ ಬೆರಳು ಎಣಿಸಿದ. “ಹನ್ನೊಂದು ದಿನಾತು.”

ಅವಳು ತಲೆ ಆಡಿಸಿದಳು. ಮೂರೇ ಪ್ರಶ್ನೆ. ನಾನು ಕ್ಯಾಂಪು ನೋಡಲು ಹೋದಾಗ ಕೇಳಿದ್ದು ಲೈಟು ಐತೇನು, ಸೊಳ್ಳೆಪರದೆ ಐತೇನು, ಜೀಪು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು. ಓದಿದವನು ನಾನು. ಅವಳು ಶಾಲೆಯ ಬಾಗಿಲು ನೋಡಿದವಳಲ್ಲ.

ಮರುದಿನ ಗೇರು ಕಾರ್ಖಾನೆಯ ಕೆಲಸವಿದ್ದುದರಿಂದ ಆ ಸಲ ಉಳಿಯಲು ಆಗಲಿಲ್ಲ. ಮುಂದಿನ ವರ್ಷ ಅದೇ ಹೊತ್ತಿಗೆ ಅವಳು ಫಿಟ್ಟರನ ಹೆಂಡತಿಯನ್ನು ಜೊತೆ ಮಾಡಿಕೊಂಡು ಹೊರಟಳು. “ನಾನೂ ಬರಲೇನು?” ಅಂದೆ. “ನೀವು ಮಗಳ್ನ ನೋಡಿಕೊಳ್ರಿ,” ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ಜಾಗ ಆರಿಸಿದವಳು ಅವಳು, ಯಾರು ಬರಬೇಕೆಂದು ಆರಿಸಿದವಳೂ ಅವಳೇ.

ನಾಲ್ಕನೆಯ ದಿನ ಬಂದಳು. ಮುದುಕ ತನ್ನ ಪದ್ಧತಿಯಂತೆ ಮೊದಲ ಸಂಜೆ ಅಟ್ಟದ ಮೇಲೆ ಕೂಡಿಸಿದನಂತೆ. ಆ ದಿನ ಏನೂ ಇಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಗೇರು ಆರಿಸುವ ಹೆಂಗಸರ ಜೊತೆ ತಾನೂ ಬಾಗಿ ಹಣ್ಣು ಆರಿಸುತ್ತಿದ್ದಾಗ ಇಳಿಜಾರಿನ ಕೆಳಗೆ ಮೂರು ನಿಂತಿದ್ದವಂತೆ. ಇದೆಲ್ಲ ನನಗೆ ಫಿಟ್ಟರನ ಹೆಂಡತಿಯಿಂದ ತಿಳಿದದ್ದು. ನನ್ನವಳನ್ನು “ಹೆಂಗಿತ್ತು?” ಎಂದು ಕೇಳಿದ್ದಕ್ಕೆ, “ಅಪ್ಪ ಹೇಳಿದ್ದು ಖರೇ ಐತಿ,” ಎಂದಷ್ಟೇ ಅಂದು ಒಲೆ ಹೊತ್ತಿಸಿದಳು. ಮಗಳಿಗೆ ಮಾತ್ರ ರೊಟ್ಟಿ ಹಿಟ್ಟಿನಲ್ಲಿ ಕೊಂಬು ಮಾಡಿ, ಹೇಗೆ ಒಳಗೆ ಬಾಗಿರುತ್ತವೆಂದು ತೋರಿಸಿದಳು. ಹೊಸ್ತಿಲಲ್ಲಿ ನಿಂತು ನಾನೂ ನೋಡಿದೆ.

ಕೆರೆಯ ಎಮ್ಮೆಯ ಮಾತು ಮಾತ್ರ ನನ್ನ ಹೊಟ್ಟೆಯಲ್ಲೇ ಉಳಿಯಿತು. ಬಳೆಯ ಮಾತು ಸುಳ್ಳೆಂದು ಮುದುಕ ತೋರಿಸಿಕೊಟ್ಟಿದ್ದ, ಆದರೆ ಅದನ್ನು ನಾನು ಅಜ್ಞಾನದಿಂದ ಆಡಿದ್ದೇನೆ ಎಂದು ಅವಳು ತಿಳಿದಿದ್ದಾಳೆ ಎಂಬ ಸಮಾಧಾನ ಇಟ್ಟುಕೊಂಡಿದ್ದೆ. ಹಾಗೆ ವರ್ಷ ಕಳೆದವು.

ತೊಂಬತ್ತರ ದಶಕದ ಮೊದಲ ಅರ್ಧದಲ್ಲಿ ಮಗಳ ಲಗ್ನ ಗೊತ್ತಾಯಿತು. ಬಳೆ ಇಡಿಸುವ ದಿನ ಬಳೆಗಾರ ಮನೆಗೆ ಬಂದ. ಮಗಳದಾದ ಮೇಲೆ ನನ್ನ ಹೆಂಡತಿಯ ಕೈ ಹಿಡಿದು, “ಕೈ ಸಡ್ಲ ಬಿಡ್ರಿ ಅವ್ವಾರ,” ಎಂದು ಒಂದೊಂದೇ ಹಸಿರು ಬಳೆ ಏರಿಸುತ್ತಿದ್ದ. ಆ ಕೈಗೆ ಪಟ್ಟಿ ಸುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿತು. ಎಲ್ಲರೂ ಹೊರಗೆ ಪಂಕ್ತಿಗೆ ಕೂತಾಗ ಅವಳೊಬ್ಬಳೇ ಅರಿಶಿನ ಕುಂಕುಮದ ತಟ್ಟೆ ಎತ್ತಿಡುತ್ತಿದ್ದಳು. ಹತ್ತಿರ ಹೋಗಿ ಹೇಳಿಬಿಟ್ಟೆ.

“ಆ ಕೆರೀಗೆ ಬರ್ತಿದ್ದವು ಎಮ್ಮಿ. ನಾವು ಹೋಗೂಕಿಂತ ಮೊದಲ ನನಗ ಗೊತ್ತಿತ್ತು. ಬಸ್ಸಿನ್ಯಾಗಿಂದ ನೋಡಿದ್ದೆ. ಗೊತ್ತಿದ್ದೂ ನಿನ್ನ ಬಳೀ ಮ್ಯಾಲೆ ಹಾಕಿದೆ.”

ಅವಳು ತಟ್ಟೆ ಒರೆಸುತ್ತಲೇ ಇದ್ದಳು.

“ಹೆಂಡಿಯೊಳಗ ಭತ್ತದ ಹುಲ್ಲಿತ್ತು,” ಅಂದಳು. “ಅಡವಿಯೊಳಗ ಕಾಡಕ್ವಾಣಕ್ಕ ಭತ್ತದ ಹುಲ್ಲು ಯಾರು ಹಾಕ್ತಾರ್ರಿ? ಕಡ್ಡೀಲೆ ಬಿಡಿಸಿದ ಕೂಡ್ಲೆ ತಿಳೀತು ನನಗ.”

ನಾನು ಚಾಪೆಯ ಮೇಲೆ ಕೂತೆ.

“ಗೊತ್ತಿದ್ದೂ ಬಳಿ ಕಟ್ಟಿಕೊಂಡಿ? ಏನೂ ಬರೂದಿಲ್ಲಂತ ಗೊತ್ತಿದ್ದ ಮ್ಯಾಲೆ ಮೂರು ತಾಸು ಏನು ಕಾದಿ?”

“ನಿಮ್ಮನ್ನ.”

ತಟ್ಟೆಯನ್ನು ಗೋಡೆಯ ಮಾಡದಲ್ಲಿಟ್ಟಳು.

“ಬಾಜೂಕ ಕುಂತಿದ್ರೆಲ್ಲ. ಹೇಳತೀರೇನೋ, ಈಗ ಹೇಳತೀರೇನೋ ಅಂತ ಕುಂತಿದ್ದೆ.” ಸೆರಗಿನಿಂದ ಕೈ ಒರೆಸಿಕೊಂಡು, ಮೊದಲ ಸಲ ಸಣ್ಣಗೆ ನಕ್ಕಳು. “ಕಾಡಕ್ವಾಣ ಮೂರು ದಿನಕ್ಕ ಬಂತು. ನೀವು ಎಂಟು ವರ್ಷ ತಗೊಂಡ್ರಿ. ಏಳ್ರಿ, ಮಂದಿ ಉಣ್ಣಾಕ ಕುಂತಾರ, ಹೋಳಿಗಿ ಬಡಸಬೇಕು.”

ಹೋಳಿಗೆಯ ಬುಟ್ಟಿ ಎತ್ತಿ ನನ್ನ ಕೈಗೆ ಕೊಟ್ಟಳು. ತುಪ್ಪದ ಗಿಂಡಿ ಹಿಡಿದು ತಾನು ಮುಂದೆ ನಡೆದಳು. ನಾನು ಹಿಂದೆ ಹೋದೆ.